ರೀಮೇಕ್, ಕಾದಂಬರಿ, ಡಬ್ಬಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾ ಬಗ್ಗೆ ಮಾತು ಶುರುವಾದರೆ ಹತ್ತು ನಿಮಿಷದೊಳಗೆ ಯಾರಾದರೂ ಒಬ್ಬರು 'ಅದು ರೀಮೇಕ್ ಬಿಡಿ' ಅಂದೇ ಅನ್ನುತ್ತಾರೆ. ಅಲ್ಲಿಗೆ ಮಾತು ನಿಂತುಹೋಗುತ್ತದೆ. ಆದರೆ ಮಾತು ನಿಜವಾಗಿ ಶುರುವಾಗಬೇಕಾದದ್ದು ಅಲ್ಲಿಂದಲೇ ಅಂತ ನನ್ನ ನಂಬಿಕೆ. ಕತೆ ಎಲ್ಲಿಂದ ಬಂತು ಅನ್ನುವುದಕ್ಕಿಂತ ಬಂದಮೇಲೆ ಅದಕ್ಕೆ ಏನು ಮಾಡಿದರು ಅನ್ನುವುದು ದೊಡ್ಡ ಪ್ರಶ್ನೆ. ಹರಟೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲಿಗೆ

ರೀಮೇಕ್, ಡಬ್ಬಿಂಗ್, ಕಾದಂಬರಿ ಆಧಾರಿತ, ಎಲ್ಲ ಒಂದೇ ಅಲ್ವಾ? ಬೇರೆಯವರ ಕತೆ ತಾನೇ?

ಕತೆ ಬೇರೆಯವರದು ಅನ್ನುವುದು ಮೂರಕ್ಕೂ ಸಮಾನ. ಆದರೆ ಕೆಲಸ ಬೇರೆ ಬೇರೆ. ಡಬ್ಬಿಂಗಿನಲ್ಲಿ ಚಿತ್ರ ಹಾಗೇ ಇರುತ್ತದೆ, ಮಾತು ಮಾತ್ರ ಬದಲಾಗುತ್ತದೆ. ತುಟಿ ಆಡುವಷ್ಟೇ ಹೊತ್ತಿಗೆ ಹೊಂದುವ ಮಾತು ಬರೆಯುವುದೇ ಅಲ್ಲಿನ ಕಷ್ಟ. ರೀಮೇಕಿನಲ್ಲಿ ಒಂದು ಸಿನಿಮಾವನ್ನು ಹೊಸ ನಟರು, ಹೊಸ ಊರು, ಹೊಸ ಮಾತು ಇಟ್ಟುಕೊಂಡು ಮತ್ತೆ ತೆಗೆಯುತ್ತಾರೆ. ಕಾದಂಬರಿ ಅಥವಾ ನಾಟಕದಿಂದ ಸಿನಿಮಾ ಮಾಡುವಾಗ ಮಾಧ್ಯಮವೇ ಬದಲಾಗುತ್ತದೆ. ಓದುಗರ ತಲೆಯೊಳಗೆ ಇದ್ದದ್ದನ್ನು ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳುವಂತೆ ಮಾಡಬೇಕು. ಹಾಗಾಗಿ ಮೂರನ್ನೂ ಒಂದೇ ಅಳತೆಯಲ್ಲಿ ಅಳೆಯಬಾರದು.

ಸ್ವಂತ ಕತೆ ಇಲ್ಲದವರು ತಾನೇ ಇದಕ್ಕೆಲ್ಲ ಕೈ ಹಾಕೋದು?

ಹಾಗಂದರೆ ನಮ್ಮ ಚಿತ್ರರಂಗದ ಬುಡವನ್ನೇ ಕಿತ್ತುಹಾಕಬೇಕಾಗುತ್ತದೆ. 1934ರಲ್ಲಿ ತೆರೆಗೆ ಬಂದ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' ರಾಮಾಯಣದ ಕತೆ. ರಾಜ್‌ಕುಮಾರ್ ನಾಯಕರಾಗಿ ಬಂದ 1954ರ 'ಬೇಡರ ಕಣ್ಣಪ್ಪ' ಅದಕ್ಕೂ ಮೊದಲು ಗುಬ್ಬಿ ಕಂಪನಿಯ ರಂಗದ ಮೇಲೆ ಆಡಿದ ನಾಟಕ. ಅದೇ ವರ್ಷ ಅದು ತೆಲುಗಿಗೂ ಹೋಯಿತು, ಅಲ್ಲೂ ರಾಜ್‌ಕುಮಾರ್ ಅವರೇ ಕಣ್ಣಪ್ಪ. 'ಸಂಸ್ಕಾರ', 'ಚೋಮನ ದುಡಿ', 'ಬಂಗಾರದ ಮನುಷ್ಯ', 'ಶರಪಂಜರ', ನಾವು ಹೆಮ್ಮೆಯಿಂದ ಹೇಳುವ ಹೆಸರುಗಳಲ್ಲಿ ಎಷ್ಟೊಂದು ಪುಸ್ತಕದಿಂದ ಬಂದಿವೆ ನೋಡಿ. ಅವುಗಳನ್ನು ಯಾರೂ ಎರವಲು ಅನ್ನುವುದಿಲ್ಲ. ಪುಸ್ತಕದಿಂದ ತಂದರೆ ಗೌರವ, ಸಿನಿಮಾದಿಂದ ತಂದರೆ ಅಸಡ್ಡೆ. ಈ ಎರಡು ತಕ್ಕಡಿ ಯಾಕೆ ಇಟ್ಟುಕೊಂಡಿದ್ದೇವೆ ಅಂತ ಒಮ್ಮೆ ಯೋಚಿಸಬೇಕು.

ಹಾಗಂತ ಅಸಡ್ಡೆಗೆ ಕಾರಣವೇ ಇಲ್ಲ ಅಂತಲ್ಲ. ಮೂಲ ಚಿತ್ರದ ಶಾಟ್‌ಗಳನ್ನು ಇದ್ದ ಹಾಗೇ ಇಳಿಸಿ, ಹೆಸರು ಮಾತ್ರ ಬದಲಾಯಿಸಿದ ಚಿತ್ರಗಳು ರಾಶಿ ರಾಶಿ ಬಂದಿವೆ. ಪ್ರೇಕ್ಷಕರು ಬೇಸತ್ತದ್ದು ಅವುಗಳಿಂದ. ಆ ಬೇಸರ ನ್ಯಾಯವಾದದ್ದೇ.

ನಾವು ಬರೀ ತರ್ತೀವಿ, ನಮ್ಮದನ್ನ ಯಾರೂ ತಗೊಳಲ್ಲ ಅಂತಾರಲ್ಲ, ನಿಜವಾ?

ನಿಜವಲ್ಲ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಯಾಕೆಂದರೆ ನಮ್ಮ ಚರಿತ್ರೆ ನಮಗೇ ಮರೆತುಹೋಗಿದೆ.

ಬಿ.ಆರ್. ಪಂತುಲು ಅವರ 1958ರ 'ಸ್ಕೂಲ್ ಮಾಸ್ಟರ್' ತೆಲುಗಿನಲ್ಲಿ ಎನ್.ಟಿ.ಆರ್. ಅವರ 'ಬಡಿ ಪಂತುಲು' ಆಯಿತು. 1971ರ 'ಕಸ್ತೂರಿ ನಿವಾಸ' ಹಿಂದಿಯಲ್ಲಿ ಸಂಜೀವ್ ಕುಮಾರ್ ಅವರ 'ಶಾಂದಾರ್', ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರ 'ಅವನ್ ದಾನ್ ಮನಿದನ್'. ರಾಜ್‌ಕುಮಾರ್ ಅವರ 1978ರ 'ಶಂಕರ್ ಗುರು' ಮರುವರ್ಷವೇ ಶಿವಾಜಿ ಅವರ 200ನೇ ಚಿತ್ರ 'ತಿರಿಶೂಲಂ' ಆಗಿ ಬಂತು. ಆಮೇಲೆ ಅಮಿತಾಭ್ ಬಚ್ಚನ್ 'ಮಹಾನ್' ಮಾಡಿದರು. ಮೂವರೂ ಮೇರು ನಟರು, ಮೂವರಿಗೂ ತ್ರಿಪಾತ್ರ.

ಇನ್ನೊಂದು ದಾರಿ ನೋಡಿ. ಎಚ್.ಜಿ. ರಾಧಾದೇವಿ ಅವರ ಕಾದಂಬರಿ 1986ರಲ್ಲಿ 'ಅನುರಾಗ ಅರಳಿತು' ಆಯಿತು. 1992ರಲ್ಲಿ ಅದೇ ಕತೆ ತಮಿಳಿನಲ್ಲಿ ರಜನಿಕಾಂತ್ ಅವರ 'ಮನ್ನನ್', ತೆಲುಗಿನಲ್ಲಿ ಚಿರಂಜೀವಿ ಅವರ 'ಘರಾನಾ ಮೊಗುಡು', 1994ರಲ್ಲಿ ಹಿಂದಿಯ 'ಲಾಡ್ಲಾ'. ಕನ್ನಡದ ಲೇಖಕಿಯೊಬ್ಬರು ಕಟ್ಟಿದ ಕತೆ ಇಡೀ ದೇಶ ಸುತ್ತಿತು. ಆ ಚಿತ್ರಗಳನ್ನು ನೋಡಿ ಶಿಳ್ಳೆ ಹೊಡೆದವರಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತಿದೆ? ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತಿದೆ?

ಹತ್ತಿರದ ಉದಾಹರಣೆಗಳೂ ಬೇಕಾದಷ್ಟಿವೆ. 'ಓಂ', 'ಜೋಗಿ', 'ಅಪ್ಪು', 'ಮುಂಗಾರು ಮಳೆ', 'ಕಿರಿಕ್ ಪಾರ್ಟಿ' ಎಲ್ಲವೂ ಬೇರೆ ಭಾಷೆಗೆ ಹೋದವೇ. ಪವನ್ ಕುಮಾರ್ ಅವರ 2016ರ 'ಯೂ ಟರ್ನ್' ಅಂತೂ ಫಿಲಿಪ್ಪೀನ್ಸ್ ತನಕ ಹೋಯಿತು. ಬೆಂಗಳೂರಿನ ಒಂದು ಫ್ಲೈಓವರ್ ಮೇಲೆ ಕಲ್ಲು ಸರಿಸಿ ಯೂ ಟರ್ನ್ ಹೊಡೆಯುವವರ ಕತೆ ಮನಿಲಾದವರಿಗೂ ತಮ್ಮದೇ ಅನ್ನಿಸಿತು ಅಂದರೆ ಸಣ್ಣ ಮಾತಲ್ಲ.

ಮೊದಲು ಪುಸ್ತಕ ಓದ್ಬೇಕಾ, ಸಿನಿಮಾ ನೋಡ್ಬೇಕಾ?

ಯಾವುದು ಮೊದಲು ಕೈಗೆ ಸಿಗುತ್ತದೋ ಅದು. ಸಿನಿಮಾ ನೋಡಿ ಪುಸ್ತಕಕ್ಕೆ ಬಂದವರನ್ನು ಕೀಳಾಗಿ ನೋಡುವುದು ಬೇಡ. 'ಡೇರ್‌ಡೆವಿಲ್ ಮುಸ್ತಾಫಾ' ನೋಡಿ ಪೂರ್ಣಚಂದ್ರ ತೇಜಸ್ವಿ ಅವರನ್ನು ಓದಲು ಶುರು ಮಾಡಿದ ಹುಡುಗರನ್ನು ನಾನು ಕಂಡಿದ್ದೇನೆ. ಆ ದಾರಿ ತುಂಬ ಒಳ್ಳೆಯ ದಾರಿ.

## ಪುಸ್ತಕದಿಂದ ಪರದೆಗೆ

'ಪುಸ್ತಕದಷ್ಟು ಚೆನ್ನಾಗಿಲ್ಲ' ಅಂತ ಎಲ್ಲರೂ ಅಂತಾರೆ. ಅದು ಸರಿಯಾದ ಅಳತೆನಾ?

ಅರ್ಧ ಮಾತ್ರ ಸರಿ. ಪುಸ್ತಕದಲ್ಲಿ ಇದ್ದದ್ದು ಸಿನಿಮಾದಲ್ಲಿ ಇಲ್ಲ ಅಂತ ಪಟ್ಟಿ ಮಾಡುವುದು ಸುಲಭ. ಎರಡೂವರೆ ಗಂಟೆಯಲ್ಲಿ ಮುನ್ನೂರು ಪುಟ ಹಿಡಿಸುವುದಿಲ್ಲ. ಕೇಳಬೇಕಾದದ್ದು ಬೇರೆ: ಬರಹದಲ್ಲಿ ಮಾತ್ರ ಸಾಧ್ಯವಿದ್ದದ್ದಕ್ಕೆ ಸಿನಿಮಾ ತನ್ನದೇ ದಾರಿ ಹುಡುಕಿಕೊಂಡಿತಾ?

ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ ಚೋಮನ ಒಳಗಿನ ಕುದಿಯನ್ನು ಕಾದಂಬರಿಕಾರರು ವಿವರಿಸಿ ಹೇಳಬಹುದು. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದಾಗ ಆ ವಿವರಣೆಗೆ ಜಾಗವಿರಲಿಲ್ಲ. ಅವರು ರಂಗಸಂಗೀತದ ಮನುಷ್ಯ. ಚೋಮ ಬಡಿಯುವ ದುಡಿಯ ಸದ್ದಿಗೇ ಆ ಕೆಲಸ ಕೊಟ್ಟರು. ಚೋಮ ಆಡಲಾರದ ಮಾತನ್ನು ದುಡಿ ಆಡುತ್ತದೆ. ಉಳಿದದ್ದನ್ನು ಎಂ.ವಿ. ವಾಸುದೇವರಾಯರ ಮುಖ ಹೇಳುತ್ತದೆ. ಚಿತ್ರಕ್ಕೆ ಸ್ವರ್ಣಕಮಲ, ವಾಸುದೇವರಾಯರಿಗೆ ನಟನೆಯ ರಾಷ್ಟ್ರಪ್ರಶಸ್ತಿ ಬಂತು. ಕಾದಂಬರಿಯ ಎಲ್ಲ ಸಾಲೂ ಚಿತ್ರದಲ್ಲಿಲ್ಲ, ಆದರೆ ಚೋಮ ಪೂರ್ತಿಯಾಗಿ ಇದ್ದಾನೆ.

ಕತೆ ಬರೆದವರಿಗೇ ಇಷ್ಟ ಆಗದಿದ್ರೆ ಸಿನಿಮಾ ಸೋತ ಹಾಗಲ್ವಾ?

ಈ ಪ್ರಶ್ನೆ ಬಂದರೆ 'ನಾಗರಹಾವು' ಬಿಟ್ಟು ಮಾತಾಡಲಾಗುವುದಿಲ್ಲ. 1972ರ ಆ ಚಿತ್ರಕ್ಕೆ ಪುಟ್ಟಣ್ಣ ಕಣಗಾಲ್ ಅವರು ತ.ರಾ.ಸು. ಅವರ ಮೂರು ಕಾದಂಬರಿ ಬಳಸಿದರು: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪ ಮತ್ಸರ'. ತ.ರಾ.ಸು. ಅವರಿಗೆ ಚಿತ್ರ ಒಪ್ಪಿಗೆಯಾಗಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ಅವರು ನೊಂದುಕೊಂಡದ್ದು ಚಿತ್ರರಂಗದಲ್ಲಿ ಇವತ್ತಿಗೂ ಆಡುವ ಮಾತು.

ಲೇಖಕರ ನೋವು ನನಗೆ ಅರ್ಥವಾಗುತ್ತದೆ. ಸಿನಿಮಾ ಎಂದರೆ ಹಾಡು ಬೇಕು, ಹೊಡೆದಾಟ ಬೇಕು, ಥಿಯೇಟರಿನಲ್ಲಿ ಕೂತ ಸಾವಿರ ಜನ ನಾಯಕನ ಪರ ನಿಲ್ಲಬೇಕು. ಅಷ್ಟು ಮಾಡುವಾಗ ಒಂದಿಷ್ಟು ವಿಷ ಇಳಿದಿರಲೂಬಹುದು. ಆದರೆ ಪುಟ್ಟಣ್ಣ ಕಳೆದದ್ದಷ್ಟೇ ಅಲ್ಲ, ಸೇರಿಸಿದ್ದೂ ಇದೆ. ಚಿತ್ರದುರ್ಗದ ಕೋಟೆಯನ್ನೇ ಒಂದು ಪಾತ್ರ ಮಾಡಿದರು. ಓಬವ್ವನ ಹಾಡನ್ನು ಕತೆಯೊಳಗೆ ತಂದರು. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು ಮತ್ತು ವಿಷ್ಣುವರ್ಧನ್ ಅವರ ರಾಮಾಚಾರಿಯ ನಡುವಿನ ನಂಟು ಕನ್ನಡದವರ ಮನೆಮಾತಾಯಿತು. ಅದು ನಟರ ಮುಖದಲ್ಲಿ, ದನಿಯಲ್ಲಿ ಹುಟ್ಟಿದ ಸಂಗತಿ. ಪುಟದ ಮೇಲೆ ಅದು ಹಾಗೆ ಸಿಗುವುದಿಲ್ಲ.

ನನ್ನ ಮಟ್ಟಿಗೆ ಲೇಖಕರ ಅಸಮಾಧಾನ ಒಂದು ಮುಖ್ಯ ಸಾಕ್ಷಿ, ಆದರೆ ಅದೇ ತೀರ್ಪಲ್ಲ. ಪುಸ್ತಕ ಓದಿ, ಚಿತ್ರ ನೋಡಿ, ಅವರು ಯಾವುದಕ್ಕೆ ನೊಂದರು ಅಂತ ಹುಡುಕಿ. ಅಲ್ಲಿ ಸಿಗುವ ಉತ್ತರದಿಂದ ಎರಡೂ ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತವೆ.

ಸಿನಿಮಾ ಮಾಡೋಕೆ ಸಣ್ಣಕತೆ ಒಳ್ಳೇದಾ, ದಪ್ಪ ಕಾದಂಬರಿ ಒಳ್ಳೇದಾ?

ಸಣ್ಣಕತೆಗೇ ನನ್ನ ಓಟು. ಅಲ್ಲಿ ಕತ್ತರಿಸುವ ಕೆಲಸಕ್ಕಿಂತ ಬೆಳೆಸುವ ಕೆಲಸ ಜಾಸ್ತಿ. ತೇಜಸ್ವಿ ಅವರ ಕತೆಯಿಂದ ಗಿರೀಶ್ ಕಾಸರವಳ್ಳಿ 1986ರಲ್ಲಿ ಮಾಡಿದ 'ತಬರನ ಕಥೆ' ನೋಡಿ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕನ ಕತೆಗೆ ಉಸಿರಾಡಲು ಜಾಗ ಸಿಕ್ಕಿದೆ. ಕಾಯುವುದು ಎಷ್ಟು ದೀರ್ಘ ಅನ್ನುವುದನ್ನು ಸಿನಿಮಾ ನಮ್ಮನ್ನೇ ಕಾಯಿಸಿ ತೋರಿಸುತ್ತದೆ.

ದಪ್ಪ ಕಾದಂಬರಿಗೆ ಬೇರೆ ಮಾಧ್ಯಮ ಬೇಕಾಗಬಹುದು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯ ಅವರು ರಂಗಕ್ಕೆ ತಂದಾಗ ರಾತ್ರಿಯಿಡೀ ಆಡಿಸಿದರು. ಸುಮಾರು ಒಂಬತ್ತು ಗಂಟೆ, ಬಯಲಿನಲ್ಲಿ, ಒಂದು ರಂಗದಿಂದ ಇನ್ನೊಂದಕ್ಕೆ ಜನ ಎದ್ದು ನಡೆಯಬೇಕು. ಆ ಕಾದಂಬರಿಯ ಕಾಡಿನೊಳಗೆ ಓಡಾಡಿದ ಹಾಗೆ ಆಗುತ್ತದೆ. ಎರಡು ಗಂಟೆಯ ಸಿನಿಮಾಗೆ ಇದು ಸಾಧ್ಯವಿತ್ತಾ? ನನಗಂತೂ ಅನುಮಾನ. ಇನ್ನು ಬಿಡಿ ಬಿಡಿ ಕತೆಗಳಿಗೆ ಟಿವಿ ಹೊಂದುತ್ತದೆ. ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಕಟ್ಟಿದ ಕಲ್ಪನೆಯ ಊರನ್ನು ಶಂಕರ್ ನಾಗ್ 1980ರ ದಶಕದಲ್ಲಿ ಆಗುಂಬೆಯಲ್ಲಿ ಕಂಡುಕೊಂಡರು, ದೂರದರ್ಶನದಲ್ಲಿ ಅದು ಹಿಂದಿ ಮಾತಾಡಿತು. ಆದರೂ 'ಮಾಲ್ಗುಡಿ ಡೇಸ್' ನಮ್ಮದೇ ಅನ್ನಿಸುತ್ತದೆ ಅಲ್ವಾ?

## ರೀಮೇಕ್ ಬಗ್ಗೆ ಸ್ವಲ್ಪ ಆಳಕ್ಕೆ

ಒಳ್ಳೆ ರೀಮೇಕ್ ಅಂತ ಗುರುತಿಸೋದು ಹೇಗೆ?

ಹೊಸ ಜಾಗಕ್ಕೆ ಬಂದಾಗ ಕತೆಯ ಯಾವ ಕೀಲು ಮುರಿಯುತ್ತದೆ, ಅದನ್ನು ಹೇಗೆ ಕೂಡಿಸಿದ್ದಾರೆ ಅಂತ ನೋಡಿ. ನನ್ನ ಮೆಚ್ಚಿನ ಉದಾಹರಣೆ ನಾಗವಲ್ಲಿ.

1993ರ ಮಲಯಾಳಂ ಚಿತ್ರ 'ಮಣಿಚಿತ್ರತಾಳ್'ನಲ್ಲಿ ನಾಗವಲ್ಲಿ ತಂಜಾವೂರಿನ ನರ್ತಕಿ. ಕೇರಳದ ಹಳೆಯ ತರವಾಡು ಮನೆಯ ಸೊಸೆ ಗಂಗಾ ತಾನೇ ಆ ನರ್ತಕಿ ಅನ್ನುವ ಹಾಗೆ ಇದ್ದಕ್ಕಿದ್ದಂತೆ ತಮಿಳಿನಲ್ಲಿ ಗದರಿದಾಗ ಮೈ ಜುಮ್ಮೆನ್ನುತ್ತದೆ. ಈಗ ಇದನ್ನೇ ತಮಿಳಿಗೆ ತಂದರೆ? ತಮಿಳರ ಮನೆಯಲ್ಲಿ ಸೊಸೆ ತಮಿಳು ಮಾತಾಡಿದರೆ ಹೆದರುವವರು ಯಾರು? ಹಾಗಾಗಿ 2004ರ ಕನ್ನಡದ 'ಆಪ್ತಮಿತ್ರ'ದಲ್ಲೂ, 2005ರ ತಮಿಳಿನ 'ಚಂದ್ರಮುಖಿ'ಯಲ್ಲೂ ನರ್ತಕಿಗೆ ತೆಲುಗು ಬಂತು. 'ರಾ ರಾ' ಹಾಡು ಎರಡರಲ್ಲೂ ತೆಲುಗೇ. 2007ರ ಹಿಂದಿಯ 'ಭೂಲ್ ಭುಲಯ್ಯ'ದಲ್ಲಿ ಅವಳು ಬಂಗಾಳಿ ಮಂಜುಲಿಕಾ. ಪ್ರತಿ ಸಲವೂ ಅವಳ ಮಾತು ಆ ಮನೆಯದಲ್ಲ, ಆದರೆ ತೀರಾ ಅಪರಿಚಿತವೂ ಅಲ್ಲ. ಬೆಂಗಳೂರು, ಕೋಲಾರದ ಕಡೆಯ ಪ್ರೇಕ್ಷಕರಿಗೆ ತೆಲುಗು ಚೆನ್ನಾಗಿಯೇ ಅರ್ಥವಾಗುತ್ತದೆ. ನಾಗವಲ್ಲಿ ಬೆದರಿಸಿದ್ದು ನಮಗೆ ನೇರವಾಗಿ ತಾಗಿದ್ದು ಅದಕ್ಕೇ. ಸೌಂದರ್ಯ ಅವರ ಕಣ್ಣು, ದನಿ ಇಲ್ಲದೆ ಅದು ಆಗುತ್ತಿರಲಿಲ್ಲ. ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಅವರೇ ಇರಲಿಲ್ಲ ಅನ್ನುವುದು ಇನ್ನೂ ನೋಯಿಸುತ್ತದೆ.

ಕಳೆದುಕೊಂಡದ್ದೂ ಇದೆ. ಮಲಯಾಳಂನಲ್ಲಿ ಗಂಗಾಳ ಬಾಲ್ಯ, ಅವಳ ಒಂಟಿತನ, ಮನಸ್ಸು ಒಡೆಯುವ ಬಗೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮಲ್ಲಿ ನಾಯಕನಿಗೆ ಎಂಟ್ರಿ ಬೇಕು, ಫೈಟ್ ಬೇಕು, ರಾಜನಿಗೆ 'ಹೌಲಾ ಹೌಲಾ' ಬೇಕು. ವಿಷ್ಣುವರ್ಧನ್ ಅದನ್ನು ಸೊಗಸಾಗಿ ಮಾಡಿದರು, ಜನ ಕುಣಿದರು. ಆದರೆ ತೂಕ ಗಂಗಾಳಿಂದ ಅವಳನ್ನು ಗುಣಪಡಿಸುವ ಡಾಕ್ಟರಿನ, ಅಂದರೆ ವಿಷ್ಣುವರ್ಧನ್ ಪಾತ್ರದ ಕಡೆಗೆ ವಾಲಿತು. ಎರಡನ್ನೂ ಹೇಳಿದರೆ ಮಾತ್ರ ಆ ಚಿತ್ರದ ಬಗ್ಗೆ ನ್ಯಾಯವಾಗಿ ಮಾತಾಡಿದ ಹಾಗೆ.

'ದೃಶ್ಯ' ಯಾವ ಭಾಷೆಗೆ ಹೋದ್ರೂ ನಡೀತಲ್ಲ, ಯಾಕೆ?

ಜೀತು ಜೋಸೆಫ್ ಬರೆದ ಆ ಕತೆಯ ಎಲುಬು ಎಲ್ಲ ಊರಲ್ಲೂ ಸಿಗುವಂಥದ್ದು. ಓದು ಅರ್ಧಕ್ಕೆ ಬಿಟ್ಟ ಕೇಬಲ್ ಟಿವಿ ಮಾಲೀಕ, ಅವನ ಸಿನಿಮಾ ಹುಚ್ಚು, ಎದುರಿಗೆ ಪೊಲೀಸ್ ಅಧಿಕಾರಿಯ ಮಗ. ಮೈಮೇಲಿನ ಬಟ್ಟೆ ಮಾತ್ರ ಆಯಾ ಊರಿನದು. ಮಲಯಾಳಂನ ಜಾರ್ಜ್‌ಕುಟ್ಟಿ ಕ್ರೈಸ್ತ, ಪೊಲೀಸರು ಕೇಳಿದರೆ ಮನೆಯವರೆಲ್ಲ ಧ್ಯಾನಕೂಟಕ್ಕೆ ಹೋಗಿದ್ದೆವು ಅಂತ ಹೇಳುತ್ತಾನೆ. ಹಿಂದಿಯ ವಿಜಯ್ ಸಾಲ್ಗಾಂವ್‌ಕರ್ ಗೋವಾದವನು, ಅವನದು ಸತ್ಸಂಗ. ರವಿಚಂದ್ರನ್ ಮಾಡಿದ ಕನ್ನಡದ ಪಾತ್ರ ರಾಜೇಂದ್ರ ಪೊನ್ನಪ್ಪ, ಹೆಸರಲ್ಲೇ ಕೊಡಗು ಇದೆ. ಶ್ರೀಲಂಕಾದಲ್ಲಿ ಸಿಂಹಳಕ್ಕೆ ಹೋಯಿತು. 2019ರ ಚೀನೀ ರೀಮೇಕಂತೂ ಕತೆಯನ್ನು ಥಾಯ್ಲೆಂಡಿನಲ್ಲಿ ನೆಲೆಸಿದ ಚೀನೀ ಕುಟುಂಬದ್ದು ಮಾಡಿಕೊಂಡಿತು. ಸಿನಿಮಾ ನೋಡಿ ನೋಡಿಯೇ ಬುದ್ಧಿ ಕಲಿತವನ ಕತೆ ಸಿನಿಮಾದಿಂದ ಸಿನಿಮಾಕ್ಕೆ ಹೀಗೆ ದಾಟಿದ್ದು ನನಗೆ ತುಂಬ ಇಷ್ಟ.

ಮೂಲ ನಿರ್ದೇಶಕರೇ ರೀಮೇಕ್ ಮಾಡಿದ್ರೆ ಗೆಲುವು ಗ್ಯಾರಂಟಿನಾ?

ಇಲ್ಲ. ಪುಟ್ಟಣ್ಣ ಅವರೇ 1974ರಲ್ಲಿ 'ನಾಗರಹಾವು' ಚಿತ್ರವನ್ನು ರಿಷಿ ಕಪೂರ್ ಜೊತೆ ಹಿಂದಿಯಲ್ಲಿ 'ಜಹ್ರೀಲಾ ಇನ್ಸಾನ್' ಮಾಡಿದರು. 'ಓ ಹಂಸಿನಿ' ಹಾಡು ಉಳಿಯಿತು, ಚಿತ್ರ ಓಡಲಿಲ್ಲ. ಕನ್ನಡದವರಿಗೆ ದುರ್ಗ ಅಂದರೆ ಓಬವ್ವ, ಮದಕರಿ ನಾಯಕ, ಶಾಲೆಯಲ್ಲಿ ಓದಿದ ಪಾಠ. ಆ ನೆನಪು ಹಿಂದಿ ಪ್ರೇಕ್ಷಕರಿಗೆ ಇರಲಿಲ್ಲ. ಅದರ ಜಾಗದಲ್ಲಿ ಅವರದೇ ಆದ ಒಂದು ನೆನಪನ್ನು ಕಟ್ಟಿಕೊಡದಿದ್ದರೆ ರಾಮಾಚಾರಿ ಬರೀ ಸಿಟ್ಟಿನ ಹುಡುಗನಾಗಿ ಉಳಿಯುತ್ತಾನೆ.

## ಡಬ್ಬಿಂಗ್, ಹಕ್ಕು, ಮುಂದಿನ ದಾರಿ

ಕನ್ನಡದಲ್ಲಿ ಇಷ್ಟು ವರ್ಷ ಡಬ್ಬಿಂಗ್ ಯಾಕೆ ಇರಲಿಲ್ಲ? ಈಗ ಬಂದಮೇಲೆ ರೀಮೇಕ್ ಕತೆ ಮುಗೀತಾ?

1960ರ ದಶಕದಲ್ಲಿ ಕನ್ನಡ ಚಿತ್ರಗಳೇ ಕಡಿಮೆ, ಕೆಲಸವೆಲ್ಲ ಮದ್ರಾಸಿನಲ್ಲಿ. ಡಬ್ಬಿಂಗ್ ಚಿತ್ರಗಳು ಬಂದರೆ ನಮ್ಮ ನಟರು, ತಂತ್ರಜ್ಞರಿಗೆ ಅನ್ನವಿಲ್ಲ ಅನ್ನುವ ಭಯ ನಿಜವಾದದ್ದೇ. ಅನಕೃ, ಮ. ರಾಮಮೂರ್ತಿ, ರಾಜ್‌ಕುಮಾರ್ ಮುಂತಾದವರು ಹೋರಾಡಿದರು, ಡಬ್ಬಿಂಗ್ ನಿಂತಿತು. ಚಿತ್ರರಂಗ ಬೆಳೆಯಲು ಅದರಿಂದ ಸಹಾಯವಾಯಿತು ಅಂತ ನಾನು ನಂಬುತ್ತೇನೆ. ಆದರೆ ಅದಕ್ಕೊಂದು ಬೆಲೆಯೂ ಇತ್ತು. ಡಬ್ಬಿಂಗ್ ಇಲ್ಲದ ಕಡೆ ರೀಮೇಕಿಗೆ ಬಾಗಿಲು ಅಗಲವಾಗಿ ತೆರೆಯಿತು. ಕನ್ನಡ ಮಾತ್ರ ಬಲ್ಲ ಪ್ರೇಕ್ಷಕರಿಗೆ ಜಗತ್ತಿನ ಒಳ್ಳೆಯ ಚಿತ್ರ ಅವರ ಭಾಷೆಯಲ್ಲಿ ಸಿಗಲಿಲ್ಲ. 2012ರಲ್ಲಿ ಆಮಿರ್ ಖಾನ್ ಅವರ 'ಸತ್ಯಮೇವ ಜಯತೆ' ಕಾರ್ಯಕ್ರಮ ಕನ್ನಡದಲ್ಲಿ ಬರಲಾಗದೆ ಹೋದದ್ದು ಅದೇ ಕಾರಣಕ್ಕೆ.

2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಹೇಳಿ ಚಿತ್ರರಂಗದ ಸಂಸ್ಥೆಗಳಿಗೆ ದಂಡ ಹಾಕಿತು. 2017ರಲ್ಲಿ ತಮಿಳಿನ ಒಂದು ಅಜಿತ್ ಚಿತ್ರ 'ಸತ್ಯದೇವ್ ಐಪಿಎಸ್' ಹೆಸರಲ್ಲಿ ಕನ್ನಡ ಮಾತಾಡಿತು. 2020ರ ಲಾಕ್‌ಡೌನಿನಲ್ಲಿ ಡಬ್ ಆದ 'ಮಹಾಭಾರತ' ಧಾರಾವಾಹಿಯನ್ನು ಮನೆಮಂದಿಯೆಲ್ಲ ಕೂತು ನೋಡಿದರು. ಇದರಿಂದ ಸೋಮಾರಿ ರೀಮೇಕಿಗೆ ಪೆಟ್ಟು ಬೀಳುತ್ತದೆ, ಬೀಳಲಿ. ಮೂಲವೇ ಕನ್ನಡದಲ್ಲಿ ಸಿಗುವಾಗ ಅದರ ನಕಲು ಯಾರಿಗೆ ಬೇಕು? ಕತೆಯನ್ನು ನಿಜವಾಗಿ ನಮ್ಮ ಊರಿಗೆ ತಂದವರಿಗೆ ಜಾಗ ಇದ್ದೇ ಇರುತ್ತದೆ.

ಸ್ಫೂರ್ತಿ ಅಂತಾರೆ, ಕದ್ದಿದ್ದಾರೆ ಅಂತಾರೆ. ಗೆರೆ ಎಲ್ಲಿದೆ?

ಕಾನೂನಿನ ಗೆರೆಯನ್ನು ಸುಪ್ರೀಂ ಕೋರ್ಟ್ 1978ರಲ್ಲೇ ಎಳೆದಿದೆ. ಆರ್.ಜಿ. ಆನಂದ್ ಅನ್ನುವ ನಾಟಕಕಾರರು ತಮ್ಮ 'ಹಮ್ ಹಿಂದುಸ್ತಾನಿ' ನಾಟಕವನ್ನು ಕದ್ದು 1956ರ 'ನ್ಯೂ ಡೆಲ್ಲಿ' ಚಿತ್ರ ಮಾಡಿದ್ದಾರೆ ಅಂತ ದಾವೆ ಹೂಡಿದ್ದರು. ವಿಷಯಕ್ಕೆ, ಎಳೆಗೆ ಹಕ್ಕುಸ್ವಾಮ್ಯ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ ಅಂತ ಕೋರ್ಟ್ ಹೇಳಿತು. ಎರಡನ್ನೂ ನೋಡಿದ ಸಾಮಾನ್ಯ ಪ್ರೇಕ್ಷಕನಿಗೆ ಇದು ಅದರದೇ ನಕಲು ಅಂತ ಅನುಮಾನಕ್ಕೆ ಎಡೆಯಿಲ್ಲದೆ ಅನ್ನಿಸಬೇಕು. ಆ ಮೊಕದ್ದಮೆಯಲ್ಲಿ ನಾಟಕಕಾರರು ಸೋತರು.

ಕಾನೂನಿನಲ್ಲಿ ಪಾರಾದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ಟೈಟಲ್ ಕಾರ್ಡಿನಲ್ಲಿ ಒಂದು ಸಾಲು ಋಣ ಒಪ್ಪಿಕೊಳ್ಳಲು ಖರ್ಚೇನೂ ಇಲ್ಲ. ಹಾಗೆ ಮಾಡದ ಚಿತ್ರಗಳ ಬಗ್ಗೆ ನನಗೆ ಸಿಟ್ಟಿದೆ.

ಸಿನಿಮಾ ಕತೆ ಯಕ್ಷಗಾನಕ್ಕೂ ಹೋಗುತ್ತಂತೆ ಹೌದಾ?

ಹೌದು. ಕರಾವಳಿಯ ಮೇಳಗಳಲ್ಲಿ 'ನಾಗವಲ್ಲಿ' ಪ್ರಸಂಗವಾಗಿ ಆಡಿದೆ. 'ಬಾಹುಬಲಿ' ಕತೆ 'ವಜ್ರಮಾನಸಿ' ಆಗಿ ಬಂತು. ಪೌರಾಣಿಕವೇ ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ. ನನಗನ್ನಿಸುವುದು ಇಷ್ಟು: ಭಾಗವತರು ಪದ ಎತ್ತಿ, ವೇಷಧಾರಿ ಅಲ್ಲೇ ಹೊಸೆದು ಅರ್ಥ ಹೇಳುವಾಗ ಅದು ಸಿನಿಮಾದ ಸಂಭಾಷಣೆ ಆಗಿ ಉಳಿದಿರುವುದಿಲ್ಲ.

ಹಳೇ ಕಾದಂಬರಿನ ಈಗ ಯಾರು ಬೇಕಾದ್ರೂ ಸಿನಿಮಾ ಮಾಡ್ಬಹುದಾ? ನಿಮಗೆ ಯಾವುದು ಬೇಕು?

ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ವಾರಸುದಾರರದು. ಕುವೆಂಪು 1994ರಲ್ಲಿ ತೀರಿಕೊಂಡರು, ಅವರ ಕೃತಿಗಳಿಗೆ 2054ರ ಕೊನೆಯವರೆಗೆ ಅನುಮತಿ ಬೇಕು. ತ್ರಿವೇಣಿ ಅವರು 1963ರಲ್ಲೇ ಹೋಗಿಬಿಟ್ಟರು. ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳು 2024ರ ಜನವರಿಯಿಂದ ಎಲ್ಲರ ಸ್ವತ್ತು. ಸಿನಿಮಾದ ಹಕ್ಕು ಬೇರೆ, ಅದನ್ನು ಮರೆಯಬೇಡಿ. ಅವರ ಕಾದಂಬರಿಯಿಂದ ಬಂದ 1967ರ 'ಬೆಳ್ಳಿ ಮೋಡ' ಚಿತ್ರದ ಹಾಡು, ದೃಶ್ಯಗಳನ್ನು ಮುಟ್ಟುವ ಹಾಗಿಲ್ಲ. ಚಿತ್ರಕ್ಕೂ ತೆರೆಕಂಡ ಮರುವರ್ಷದಿಂದ 60 ವರ್ಷ ರಕ್ಷಣೆ ಇದೆ.

ನನಗೆ ಬೇಕಾದದ್ದು ತ್ರಿವೇಣಿ ಅವರ 'ಬೆಕ್ಕಿನ ಕಣ್ಣು'. ಪುಟ್ಟಣ್ಣ ಅದನ್ನು 1966ರಲ್ಲಿ ಮಲಯಾಳಂನಲ್ಲಿ 'ಪೂಚಕ್ಕಣ್ಣಿ' ಅಂತ ತೆಗೆದರು, 'ಬೆಳ್ಳಿ ಮೋಡ'ಕ್ಕೂ ಒಂದು ವರ್ಷ ಮೊದಲು. ತ್ರಿವೇಣಿ ಅವರ ಹೆಣ್ಣುಮಕ್ಕಳ ಮನಸ್ಸಿನ ಕತೆಗಳನ್ನು ಈವರೆಗೆ ತೆರೆಗೆ ತಂದವರು ಹೆಚ್ಚಾಗಿ ಗಂಡಸರೇ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನು 1983ರಲ್ಲಿ ಪ್ರೇಮಾ ಕಾರಂತರು ಎಷ್ಟು ಹತ್ತಿರದಿಂದ, ಎಷ್ಟು ಸಂಯಮದಿಂದ ತೋರಿಸಿದರು ಅಂತ ನೋಡಿದವರಿಗೆ ಗೊತ್ತು. ತ್ರಿವೇಣಿ ಅವರನ್ನೂ ಹಾಗೆ ಕೈಗೆತ್ತಿಕೊಳ್ಳುವ ನಿರ್ದೇಶಕಿಯೊಬ್ಬರು ಬರಲಿ. ಪುಸ್ತಕ ಅಂಗಡಿಯಲ್ಲಿ ಸಿಗುತ್ತದೆ, ಹಕ್ಕಿಗೆ ಯಾರ ಬಾಗಿಲೂ ಬಡಿಯಬೇಕಿಲ್ಲ.